ಕೆಂಪು ಗುಂಡಿ ಒತ್ತುವ ಮೊದಲು

ಅಕ್ಕ ಹಾಡಿದ ಆ ಹಾಡಿನ ಅತ್ಯುತ್ತಮ ಟೇಕ್ ನನ್ನ ಬಳಿ ಇಲ್ಲ. ಯಾರ ಬಳಿಯೂ ಇಲ್ಲ. ಮೈಕಿನ ಮುಂದೆ ಕುಳಿತವಳು "ಧ್ವನಿ ಬರುತ್ತಿದೆಯೇ ನೋಡು" ಎಂದು ಹೇಳಿ ಎರಡು ಸಾಲು ಗುನುಗಿದಳು. ಗುನುಗುತ್ತಲೇ ಕಣ್ಣು ಮುಚ್ಚಿದಳು. ಬಲಗೈಯ ಬೆರಳುಗಳು ಮೊಣಕಾಲಿನ ಮೇಲೆ ಲೆಕ್ಕ ಇಡತೊಡಗಿದವು. ಪಲ್ಲವಿಯಿಂದ ಕೊನೆಯ ಚರಣದವರೆಗೆ ಇಡೀ ಹಾಡನ್ನು ಹಾಗೆಯೇ ಹಾಡಿಬಿಟ್ಟಳು. ಎರಡನೆಯ ಚರಣದಲ್ಲಿ ಸದಾ ತೊಡಕುತ್ತಿದ್ದ ಮೇಲಿನ ಸ್ವರಕ್ಕೆ ಆ ಹೊತ್ತು ಅವಳು ಹತ್ತಿದ್ದೇ ತಿಳಿಯಲಿಲ್ಲ. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೋ ಇಂಟರ್‌ಫೇಸ್ ಎಂಬ ಪೆಟ್ಟಿಗೆಯ ಮೇಲಿನ ಹಸಿರು ದೀಪ ಅವಳ ಪ್ರತಿ ಸ್ವರಕ್ಕೂ ಮಿನುಗುತ್ತಿತ್ತು. ನಾನು ಮಾತ್ರ ಪರದೆಯ ಮೇಲೆ ಒಂದು ಪಟ್ಟಿಯೊಳಗಿನ ಇನ್ನೊಂದು ಪಟ್ಟಿಯನ್ನು ತೆರೆದು, ಮೈಕ್ ಯಾವ ಇನ್‌ಪುಟ್‌ಗೆ ಸೇರಿದೆ ಎಂದು ಹುಡುಕುತ್ತಿದ್ದೆ. ಹಾಡು ಮುಗಿದ ಮೇಲೆ ಅವಳು ಕಣ್ಣು ತೆರೆದು "ಹೇಗಿದೆ?" ಎಂದಳು. "ಇನ್ನೂ ರೆಕಾರ್ಡ್ ಆಗಿಲ್ಲ ಅಕ್ಕ, ಇನ್ನೆರಡೇ ನಿಮಿಷ" ಎಂದೆ.

ಆ ಎರಡು ನಿಮಿಷ ಇಪ್ಪತ್ತೈದು ನಿಮಿಷವಾಯಿತು. ಆಮೇಲೆ ನಾಲ್ಕು ಟೇಕ್ ತೆಗೆದುಕೊಂಡೆವು. ನಾಲ್ಕರಲ್ಲೂ ಶ್ರುತಿ ಸರಿಯಿದೆ, ಸಾಹಿತ್ಯ ಸ್ಪಷ್ಟವಾಗಿದೆ, ತಪ್ಪು ಹುಡುಕಲು ಹೋದರೆ ಸಿಗುವುದಿಲ್ಲ. ಆದರೆ ಆ ನಾಲ್ಕರಲ್ಲೂ ಅವಳು ಮೈಕಿಗಾಗಿ ಹಾಡುತ್ತಿದ್ದಾಳೆ. ಮೊದಲ ಸಲ ಹಾಡಿದ್ದು ತನಗಾಗಿ. ಈ ವ್ಯತ್ಯಾಸ ಕೇಳಿದವರಿಗೆಲ್ಲ ತಿಳಿಯಲಿಕ್ಕಿಲ್ಲ, ನನಗೆ ತಿಳಿಯುತ್ತದೆ. ಅಂದಿನಿಂದ ಯಾರಾದರೂ "ಮನೆಯಲ್ಲಿ ಹಾಡು ರೆಕಾರ್ಡ್ ಮಾಡಬೇಕು, ಯಾವ ಸಾಫ್ಟ್‌ವೇರ್ ಒಳ್ಳೆಯದು?" ಎಂದು ಕೇಳಿದಾಗಲೆಲ್ಲ ನನಗೆ ನೆನಪಾಗುವುದು ಆ ಮಿನುಗುವ ಹಸಿರು ದೀಪ.

ಆ ತಂತ್ರಾಂಶವನ್ನು ನಾನು ಅವಸರದಲ್ಲಿ ಆರಿಸಿಕೊಂಡದ್ದೇನೂ ಅಲ್ಲ. ವಾರಗಟ್ಟಲೆ ಹೋಲಿಕೆಯ ಕೋಷ್ಟಕಗಳನ್ನು ಓದಿದ್ದೆ. ಎಷ್ಟು ಟ್ರ್ಯಾಕ್ (ಒಂದೊಂದು ಕಂಠ, ಒಂದೊಂದು ವಾದ್ಯ ಬೇರೆಯಾಗಿ ದಾಖಲಾಗುವ ಸಾಲು), ಎಷ್ಟು ಪ್ಲಗಿನ್ (ತಂತ್ರಾಂಶಕ್ಕೆ ಸೇರಿಸಿಕೊಳ್ಳುವ ಪುಟ್ಟ ಸಾಧನ), ಎಷ್ಟು ವಾದ್ಯಗಳ ಧ್ವನಿಸಂಗ್ರಹ ಎಂದು ಎಣಿಸಿ, ಎಲ್ಲ ಸಾಲುಗಳಲ್ಲೂ ಹೆಚ್ಚು ಗುರುತು ಪಡೆದದ್ದನ್ನು ತೆಗೆದುಕೊಂಡಿದ್ದೆ. ತೆರೆದ ಕ್ಷಣದಿಂದ ದಾಖಲಾತಿ ಶುರುವಾಗುವವರೆಗೆ ಎಷ್ಟು ಹೆಜ್ಜೆ ಎಂಬ ಸಾಲು ಆ ಯಾವ ಕೋಷ್ಟಕದಲ್ಲೂ ಇರಲಿಲ್ಲ. ಇರಲಿಲ್ಲವಾದ್ದರಿಂದ ನಾನೂ ಕೇಳಿಕೊಳ್ಳಲಿಲ್ಲ.

ಯಾವುದರ ಧ್ವನಿ ಚೆನ್ನಾಗಿದೆ ಎಂಬ ಪ್ರಶ್ನೆ

ಹೊಸಬರು ಮೊದಲು ಕೇಳುವುದು ಇದನ್ನೇ, ನಾನೂ ಇದನ್ನೇ ಕೇಳಿದ್ದೆ. ಒಂದರ ಧ್ವನಿ ಬೆಚ್ಚಗಿದೆಯಂತೆ, ಇನ್ನೊಂದರದ್ದು ತಣ್ಣಗಿದೆಯಂತೆ, ಮತ್ತೊಂದರಲ್ಲಿ ವಾದ್ಯಗಳು ಬಿಡಿಬಿಡಿಯಾಗಿ ಕೇಳುತ್ತವಂತೆ. ಈ ಮಾತು ನಿಜವೇ ಎಂದು ತಿಳಿದುಕೊಳ್ಳಲು ಒಂದು ಸರಳ ಪರೀಕ್ಷೆ ಇದೆ. ಅದನ್ನು ಒಮ್ಮೆ ಮಾಡಿ ನೋಡುವವರೆಗೆ ಮನಸ್ಸಿಗೆ ಸಮಾಧಾನವಿರುವುದಿಲ್ಲವಾದ್ದರಿಂದ ನಾನು ಮಾಡಿಯೇ ಬಿಟ್ಟೆ. ಒಂದೇ ಹಾಡಿನ ಟ್ರ್ಯಾಕ್‌ಗಳನ್ನು ಎರಡು ತಂತ್ರಾಂಶಗಳಿಗೆ ಹಾಕಿದೆ: ನಡುವೆ ಕಂಠ, ಎಡಕ್ಕೊಂದು ಗಿಟಾರ್, ಬಲಕ್ಕೊಂದು ಗಿಟಾರ್. ಪ್ರತಿಧ್ವನಿಯಂಥ ಯಾವ ಎಫೆಕ್ಟ್ ಕೂಡ ಇಲ್ಲ, ಧ್ವನಿ ಏರಿಸಿ ಇಳಿಸುವ ಫೇಡರ್‌ಗಳೆಲ್ಲ ಸೊನ್ನೆಯಲ್ಲಿ. ಎರಡರಿಂದಲೂ ಒಂದೊಂದು ಫೈಲ್ ಹೊರತೆಗೆದು, ಎರಡನ್ನೂ ಅಕ್ಕಪಕ್ಕ ಇಟ್ಟು, ಒಂದರ ಅಲೆಯನ್ನು ತಲೆಕೆಳಗು ಮಾಡಿ ಒಟ್ಟಿಗೆ ನುಡಿಸಬೇಕು. ಎರಡೂ ಒಂದೇ ಆಗಿದ್ದರೆ ಏರಿಗೆ ಇಳಿತ ಸೇರಿ ಏನೂ ಉಳಿಯಬಾರದು.

ಉಳಿಯಿತು. ಅಕ್ಕನ ಕಂಠ ಸಣ್ಣಗೆ, ಗೋಡೆಯ ಆಚೆಯಿಂದ ಎಂಬಂತೆ ಕೇಳುತ್ತಿತ್ತು. ಎರಡು ಫೈಲುಗಳನ್ನು ಬೇರೆಬೇರೆಯಾಗಿ ಕೇಳಿದರೆ ಒಂದರಲ್ಲಿ ಕಂಠ ಮುಂದೆ ಬಂದು ನಿಂತಿತ್ತು, ಇನ್ನೊಂದರಲ್ಲಿ ಗಿಟಾರುಗಳ ನಡುವೆ ಕುಳಿತಿತ್ತು. ಮೊದಲನೆಯ ತಂತ್ರಾಂಶವೇ ಕಂಠಕ್ಕೆ ಜೀವ ಕೊಡುತ್ತದೆ ಎಂದು ನಾನು ಆ ರಾತ್ರಿ ನಂಬಿಬಿಟ್ಟಿದ್ದೆ. ಎರಡು ದಿನ ಬಿಟ್ಟು ಕಾರಣ ಸಿಕ್ಕಿತು. ನಡುವೆ ಇಟ್ಟ ಧ್ವನಿ ಎಡ ಬಲ ಎರಡೂ ಸ್ಪೀಕರ್‌ಗಳಿಂದ ಬರುವುದರಿಂದ ಅದು ಹೆಚ್ಚು ಜೋರಾಗಿ ಕೇಳಬಾರದೆಂದು ಕೆಲವು ತಂತ್ರಾಂಶಗಳು ಅದನ್ನು ತಾವಾಗಿಯೇ 3 ಡೆಸಿಬಲ್ ಇಳಿಸುತ್ತವೆ, ಕೆಲವು ಇಳಿಸುವುದಿಲ್ಲ. ಪ್ಯಾನ್ ಲಾ ಎಂದು ಇದಕ್ಕೆ ಹೆಸರು, ಸೆಟ್ಟಿಂಗ್‌ನಲ್ಲಿ ಬದಲಿಸಬಹುದು. ಎರಡರಲ್ಲೂ ಒಂದೇ ಮಾಡಿ ಮತ್ತೆ ಫೈಲ್ ತೆಗೆದೆ, ಮತ್ತೆ ಒಂದನ್ನು ತಲೆಕೆಳಗು ಮಾಡಿ ನುಡಿಸಿದೆ. ಹೆಡ್‌ಫೋನ್ ಹಾಕಿಕೊಂಡು ಧ್ವನಿಯನ್ನು ಪೂರ್ತಿ ಏರಿಸಿದೆ. ನಾಲ್ಕು ನಿಮಿಷ ಹತ್ತು ಸೆಕೆಂಡುಗಳ ಹಾಡು ಪರದೆಯ ಮೇಲೆ ಎಡದಿಂದ ಬಲಕ್ಕೆ ಸಾಗಿ ಮುಗಿಯಿತು. ಮೀಟರ್ ಒಮ್ಮೆಯೂ ಅಲುಗಲಿಲ್ಲ. ನಾನು ಕೇಳಿದ ಮೌನಗಳಲ್ಲಿ ಅದರಷ್ಟು ಖಚಿತವಾದದ್ದು ಇನ್ನೊಂದಿಲ್ಲ.

ಇದಕ್ಕೆ ಅಚ್ಚರಿಪಡಬೇಕಾಗಿಲ್ಲ. ಟ್ರ್ಯಾಕ್‌ಗಳನ್ನು ಬೆರೆಸುವುದೆಂದರೆ ಸಂಖ್ಯೆಗಳನ್ನು ಕೂಡುವುದು. ಸೆಕೆಂಡಿಗೆ 48,000 ಮಾದರಿಗಳಿರುವ, ಅಂದರೆ ಅಲೆಯನ್ನು ಅಷ್ಟು ಸಲ ಅಳೆದ ಸಂಖ್ಯೆಗಳಿರುವ, ಒಂದು ಸಾಲನ್ನು ಇನ್ನೊಂದು ಸಾಲಿಗೆ ಕೂಡಿದರೆ ಉತ್ತರ ಎಲ್ಲಿ ಕೂಡಿದರೂ ಒಂದೇ. ತಂತ್ರಾಂಶಗಳು ನಿಜವಾಗಿ ಬೇರೆಯಾಗುವ ಜಾಗಗಳೂ ಇವೆ: ಹಾಡಿನ ವೇಗವನ್ನು ಹಿಗ್ಗಿಸಿ ಕುಗ್ಗಿಸುವಾಗ, ಶ್ರುತಿ ತಿದ್ದುವಾಗ, ಜೊತೆಗೆ ಬರುವ ಎಫೆಕ್ಟ್‌ಗಳಲ್ಲಿ. ಅಲ್ಲಿ ಒಂದೊಂದರ ಲೆಕ್ಕ ಒಂದೊಂದು ಬಗೆ. ಆದರೆ ಒಂದು ಮೈಕು, ಒಂದು ಕಂಠ, ಒಂದೆರಡು ವಾದ್ಯ ಇರುವವರು "ಧ್ವನಿ ಯಾವುದರಲ್ಲಿ ಚೆನ್ನ" ಎಂಬ ಪ್ರಶ್ನೆಯನ್ನು ನಿಶ್ಚಿಂತೆಯಿಂದ ಬಿಟ್ಟುಬಿಡಬಹುದು. ಆ ಹೊತ್ತನ್ನು ಮೈಕನ್ನು ಬಾಯಿಯಿಂದ ಎಷ್ಟು ದೂರ ಇಡಬೇಕು, ಕೋಣೆಯ ಯಾವ ಮೂಲೆ ಗುಂಯ್ ಎನ್ನುವುದಿಲ್ಲ ಎಂದು ನೋಡುವುದಕ್ಕೆ ಕೊಟ್ಟರೆ ಹತ್ತು ಪಾಲು ಫಲ ಸಿಗುತ್ತದೆ. ಒಂದು ಕಂಬಳಿಯನ್ನು ಹಾಡುವವರ ಬೆನ್ನ ಹಿಂದೆ ತೂಗುಹಾಕಿದಾಗ ಆಗುವ ಬದಲಾವಣೆಯನ್ನು ನಾನು ಯಾವ ತಂತ್ರಾಂಶ ಬದಲಿಸಿದಾಗಲೂ ಕಂಡಿಲ್ಲ.

ಹುಟ್ಟಿನ ಗುರುತು

ಹಾಗಾದರೆ ಆಯ್ಕೆಯಲ್ಲಿ ಏನೂ ಇಲ್ಲವೇ? ಇದೆ, ಆದರೆ ಅದು ಇರುವುದು ಕಿವಿಯಲ್ಲಲ್ಲ, ಕೈಯಲ್ಲಿ. ಪ್ರತಿಯೊಂದು ತಂತ್ರಾಂಶವೂ ಯಾರದೋ ಒಂದು ಅಗತ್ಯಕ್ಕಾಗಿ ಹುಟ್ಟಿದೆ, ಆ ಹುಟ್ಟಿನ ಗುರುತು ಎಷ್ಟು ಆವೃತ್ತಿ ಕಳೆದರೂ ಮಾಸುವುದಿಲ್ಲ. ಕ್ಯೂಬೇಸ್ ಬಂದದ್ದು 1989ರಲ್ಲಿ, ಅಟಾರಿ ಎಸ್‌ಟಿ ಕಂಪ್ಯೂಟರಿಗೆ. ಆ ಕಂಪ್ಯೂಟರಿನ ಮೈಯಲ್ಲೇ ಮಿಡಿ ಕಿಂಡಿಗಳಿದ್ದವು, ಅಂದರೆ ವಾದ್ಯದಲ್ಲಿ ಯಾವ ಸ್ವರ ನುಡಿಸಿದರೆಂಬ ಸಂಕೇತವನ್ನು ಕಂಪ್ಯೂಟರಿಗೆ ತರುವ ಕಿಂಡಿಗಳು. ಹಾಗಾಗಿ ಅದರ ಬೇರು ಇರುವುದು ಕೀಬೋರ್ಡಿನಲ್ಲಿ ನುಡಿಸಿದ ಸ್ವರಗಳನ್ನು ಬರೆದಿಟ್ಟುಕೊಂಡು ತಿದ್ದುವುದರಲ್ಲಿ. ಪ್ರೋ ಟೂಲ್ಸ್ 1991ರಲ್ಲಿ ಬಂದದ್ದು ಟೇಪಿನ ಕೆಲಸವನ್ನು ಕಂಪ್ಯೂಟರಿಗೆ ತರಲು. ಇಂದಿಗೂ ಕತ್ತರಿಸಿ ಜೋಡಿಸುವ ಕೆಲಸದಲ್ಲಿ ಅದರ ಕೈ ಚುರುಕು. 2001ರಲ್ಲಿ ಬಂದ ಏಬಲ್‌ಟನ್ ಲೈವ್‌ನ ಹಿಂದಿದ್ದ ಗೆರ್ಹಾರ್ಡ್ ಬೆಲೆಸ್ ಮತ್ತು ರಾಬರ್ಟ್ ಹೆಂಕೆ ಸ್ವತಃ ವೇದಿಕೆಯ ಮೇಲೆ ಎಲೆಕ್ಟ್ರಾನಿಕ್ ಸಂಗೀತ ನುಡಿಸುತ್ತಿದ್ದವರು. ಅದನ್ನು ತೆರೆದರೆ ಎದುರಾಗುವುದು ಕಾಲರೇಖೆಯಲ್ಲ, ತುಣುಕುಗಳನ್ನು ಬೇಕಾದ ಕ್ರಮದಲ್ಲಿ ಎಬ್ಬಿಸುವ ಮನೆಗಳ ಸಾಲು. ಎಫ್‌ಎಲ್ ಸ್ಟುಡಿಯೋ ತಾಳದ ಮನೆಗಳನ್ನು ತುಂಬುವ ಪುಟ್ಟ ಯಂತ್ರವಾಗಿ ಆರಂಭವಾಯಿತು. ಇವತ್ತು ಅದರಲ್ಲಿ ಎಲ್ಲವನ್ನೂ ಮಾಡಬಹುದು, ಆದರೂ ಅದು ಮೊದಲು ತೋರಿಸುವುದು ಆ ಮನೆಗಳನ್ನೇ.

ಆಡಾಸಿಟಿಯ ಕಥೆ ಬೇರೆ. 1999ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡಾಮಿನಿಕ್ ಮಝೋನಿ ಮತ್ತು ರೋಜರ್ ಡ್ಯಾನೆನ್‌ಬರ್ಗ್ ಅದನ್ನು ಆರಂಭಿಸಿದರು. ಮರುವರ್ಷ ಅದು ಎಲ್ಲರಿಗೂ ಉಚಿತವಾಗಿ ಸಿಕ್ಕಿತು. ಅದು ಮೂಲತಃ ಧ್ವನಿಯ ಅಲೆಯನ್ನು ಕಣ್ಣಾರೆ ನೋಡಿ ತಿದ್ದುವ ಸಾಧನ, ಬರಹಕ್ಕೆ ಒಂದು ಸರಳ ಎಡಿಟರ್ ಇದ್ದಂತೆ. ತೆರೆದು ಕೆಂಪು ಗುಂಡಿ ಒತ್ತಿದರೆ ಅಷ್ಟೇ, ಟ್ರ್ಯಾಕ್ ಅನ್ನೂ ಅದೇ ಮಾಡಿಕೊಳ್ಳುತ್ತದೆ. ಅನೇಕರು ಇದನ್ನು ಮೊದಲ ಮೆಟ್ಟಿಲು ಎಂದು ಹೇಳಿ ಮುಂದೆ ಹೋಗುತ್ತಾರೆ. ನನಗೆ ಈ ಮಾತಿನಲ್ಲಿ ಒಪ್ಪಿಗೆಯಿಲ್ಲ. ಒಬ್ಬರೇ ಕುಳಿತು ಹಾಡಿ, ತಲೆ ಬಾಲ ಕತ್ತರಿಸಿ, ಕೇಳುವಂತೆ ಮಾಡಿಡುವವರಿಗೆ ಅದೇ ಕೊನೆಯ ಮೆಟ್ಟಿಲೂ ಆಗಬಹುದು. ಅದರ ಮಿತಿ ಕಾಣುವುದು ಪದರಗಳು ಹೆಚ್ಚಾದಾಗ. ಬಹಳ ವರ್ಷ ಅದು ಎಫೆಕ್ಟ್‌ಗಳನ್ನು ನೇರವಾಗಿ ಧ್ವನಿಗೇ ಬರೆದುಬಿಡುತ್ತಿತ್ತು. ಹಾಡನ್ನು ಕೇಳುತ್ತಲೇ ಎಫೆಕ್ಟ್ ಬದಲಿಸುವ ಅನುಕೂಲ ಬಂದದ್ದು 2022ರ 3.2 ಆವೃತ್ತಿಯಲ್ಲಿ.

ಈ ಹುಟ್ಟಿನ ಗುರುತು ಹಾಡುವವರ ಮೇಲೆ ಹೇಗೆ ಕೆಲಸ ಮಾಡುತ್ತದೆ ಎಂದು ನನಗೆ ತಿಳಿದದ್ದು ತಾಳ ತಪ್ಪದಂತೆ ಕಿವಿಯಲ್ಲಿ ಟಿಕ್ ಟಿಕ್ ಎನ್ನುವ ಕ್ಲಿಕ್‌ನಿಂದ. ಹೆಚ್ಚಿನ ತಂತ್ರಾಂಶಗಳು ಹೊಸ ಹಾಡನ್ನು ತೆರೆದಾಗ ನಿಮಿಷಕ್ಕೆ 120 ಎಣಿಕೆ, ನಾಲ್ಕರ ಗತಿ ಎಂದು ತಾವೇ ಬರೆದುಕೊಂಡಿರುತ್ತವೆ. ಪರದೆಯ ತುಂಬ ಅದೇ ಲೆಕ್ಕದ ಗೆರೆಗಳು. ನಾವು ಏನನ್ನೂ ಹೇಳುವ ಮೊದಲೇ ಅದು ಒಂದು ಮಾತು ಹೇಳಿಬಿಟ್ಟಿರುತ್ತದೆ. ಅಕ್ಕನಿಗೆ ನಾನು ವೇಗವನ್ನು 84ಕ್ಕೆ ಇಳಿಸಿ ಹೆಡ್‌ಫೋನಿನಲ್ಲಿ ಕ್ಲಿಕ್ ಕೊಟ್ಟೆ. ಅವಳು ಅದಕ್ಕೆ ಸರಿಯಾಗಿ ಹಾಡಿದಳು, ತಾಳದಲ್ಲಿ ಅವಳು ಗಟ್ಟಿಗಿತ್ತಿ. ಆದರೆ ಪ್ರತಿ ಸಾಲಿನ ಕೊನೆಯಲ್ಲಿ ಅವಳು ಸಾಮಾನ್ಯವಾಗಿ ತೆಗೆದುಕೊಳ್ಳುವ ಆ ಸಣ್ಣ ನಿಲುಗಡೆ ಮಾಯವಾಯಿತು. ಮಾತಿನ ಅರ್ಥ ಕೇಳುವವರಿಗೆ ಇಳಿಯಲೆಂದು ಬಿಡುವ ಅರ್ಧ ಉಸಿರಿನ ಜಾಗ ಅದು. ಕ್ಲಿಕ್ ತೆಗೆದು ಗೆರೆಗಳನ್ನು ಮರೆಮಾಡಿದ ಮೇಲೆ ಅದು ಹಿಂದಿರುಗಿತು. ಆಮೇಲೆ ಗಿಟಾರ್ ಸೇರಿಸುವಾಗ ನನಗೆ ಕಷ್ಟವಾಯಿತು ಎಂಬುದು ನಿಜ. ಅವಳ ಉಸಿರನ್ನು ಹಿಂಬಾಲಿಸಿ ನುಡಿಸಬೇಕಾಯಿತು. ಹಾಡಿದ ಮೇಲೆ ಹಾಡಿಗೆ ತಕ್ಕಂತೆ ಗೆರೆಗಳನ್ನು ಎಳೆಯುವ ವ್ಯವಸ್ಥೆ ಈಗ ಹಲವು ತಂತ್ರಾಂಶಗಳಲ್ಲಿದೆ. ರೀಪರ್‌ನಲ್ಲಿ ವೇಗದ ಗುರುತುಗಳನ್ನು ಕೈಯಿಂದಲೇ ನೆಡಬಹುದು, ಲಾಜಿಕ್ 2018ರಿಂದ ಅದನ್ನು ತಾನೇ ಅಂದಾಜು ಮಾಡುತ್ತದೆ. ಲಯ ಒಂದೇ ಸಮ ಇರುವ ಸಂಗೀತ ಮಾಡುವವರಿಗೆ ಇದು ಗಣನೆಗೇ ಬಾರದ ವಿಷಯ, ಅವರಿಗೆ ಗೆರೆಗಳೇ ಆಸರೆ. ಬಿಡಿಸಿ ಹಾಡುವವರು ಮಾತ್ರ ಆರಿಸುವಾಗ ಇದೊಂದನ್ನು ಪರೀಕ್ಷಿಸಬೇಕು: ಗೆರೆಗಳಿಲ್ಲದೆ ಈ ತಂತ್ರಾಂಶದಲ್ಲಿ ನೆಮ್ಮದಿಯಿಂದ ಕೆಲಸ ಮಾಡಲಾಗುತ್ತದೆಯೇ?

ಹಿಂದೆಯೇ ಹಾಡುವ ಇನ್ನೊಬ್ಬಳು

ಅದೇ ದಿನ ಮೂರನೆಯ ಟೇಕ್‌ನ ನಡುವೆ ಅಕ್ಕ ಹೆಡ್‌ಫೋನ್ ತೆಗೆದಿಟ್ಟಳು. "ನನ್ನ ಹಿಂದೆಯೇ ಇನ್ನೊಬ್ಬಳು ಹಾಡುತ್ತಿರುವ ಹಾಗೆ ಕೇಳುತ್ತಿದೆ, ಅವಳಿಗಾಗಿ ಕಾಯಬೇಕು ಎನಿಸುತ್ತಿದೆ" ಎಂದಳು. ಲೇಟೆನ್ಸಿಯನ್ನು, ಅಂದರೆ ಧ್ವನಿ ಕಂಪ್ಯೂಟರಿಗೆ ಹೋಗಿ ಬರುವಾಗ ಆಗುವ ತಡವನ್ನು, ಇದಕ್ಕಿಂತ ಚೆನ್ನಾಗಿ ವರ್ಣಿಸಿದವರನ್ನು ನಾನು ಕಂಡಿಲ್ಲ. ಕಂಪ್ಯೂಟರ್ ಧ್ವನಿಯನ್ನು ಹನಿಹನಿಯಾಗಿ ಅಲ್ಲ, ಬಿಂದಿಗೆ ತುಂಬಿದ ಮೇಲೆ ಎತ್ತಿಕೊಳ್ಳುತ್ತದೆ. ಆ ಬಿಂದಿಗೆಯೇ ಬಫರ್. ನನ್ನದು 1024 ಮಾದರಿಗಳಿಗೆ ಇತ್ತು. ಸೆಕೆಂಡಿಗೆ 48,000ದ ಲೆಕ್ಕದಲ್ಲಿ ಅದು ತುಂಬಲು 21 ಮಿಲಿಸೆಕೆಂಡು, ಹೊರಗೆ ಬರುವಾಗ ಮತ್ತಷ್ಟೇ. ಒಟ್ಟು ನಲವತ್ತಕ್ಕೂ ಹೆಚ್ಚು. ಗಾಳಿಯಲ್ಲಿ ಧ್ವನಿ ಒಂದು ಮಿಲಿಸೆಕೆಂಡಿನಲ್ಲಿ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಅಂದರೆ ಅಕ್ಕನಿಗೆ ತನ್ನ ಕಂಠವೇ 14 ಮೀಟರ್ ದೂರದಿಂದ ಬಂದಂತೆ ಕೇಳುತ್ತಿತ್ತು. ಅಷ್ಟು ದೂರದಲ್ಲಿ ನಿಂತವರ ಜೊತೆ ದನಿಗೂಡಿಸಿ ಹಾಡುವುದು ಯಾರಿಗಾದರೂ ಕಷ್ಟ.

ಬಫರನ್ನು 128ಕ್ಕೆ ಇಳಿಸಿದರೆ ಒಂದು ಬದಿಗೆ ಮೂರು ಮಿಲಿಸೆಕೆಂಡಿಗೂ ಕಡಿಮೆ. ಆದರೆ ಕಂಪ್ಯೂಟರ್ ಹಳೆಯದಾಗಿದ್ದರೆ ಚಟಪಟ ಸದ್ದು ಶುರುವಾಗುತ್ತದೆ. ಇನ್ನೂ ಸುಲಭದ ದಾರಿ ಇಂಟರ್‌ಫೇಸಿನ ಮೇಲೆಯೇ ಇತ್ತು. ಡೈರೆಕ್ಟ್ ಎಂದು ಬರೆದ ಒಂದು ಗುಂಡಿ. ಒತ್ತಿದರೆ ಹಾಡುವವರ ಕಂಠ ಕಂಪ್ಯೂಟರಿಗೆ ಹೋಗಿ ಬರುವ ಬದಲು ನೇರವಾಗಿ ಹೆಡ್‌ಫೋನಿಗೆ ಬರುತ್ತದೆ. ಅದು ನನಗೆ ತಿಳಿದದ್ದು ಅಕ್ಕ ಹೋದ ಮೇಲೆ. ನಾನು ಆ ದಿನ ತಂತ್ರಾಂಶವನ್ನೇ ದೂರಿದ್ದೆ, ಬದಲಿಸಬೇಕೆಂದೂ ನಿರ್ಧರಿಸಿದ್ದೆ. ಬದಲಿಸಿದ್ದರೂ ತೊಂದರೆ ಹಾಗೆಯೇ ಇರುತ್ತಿತ್ತು. ವಿಂಡೋಸ್ ಬಳಸುವವರು ಇಲ್ಲಿ ಒಂದನ್ನು ಗಮನಿಸಬೇಕು. ಧ್ವನಿಗೆ ಒಳದಾರಿ ಮಾಡಿಕೊಡಲು ಸ್ಟೈನ್‌ಬರ್ಗ್ 1997ರಲ್ಲಿ ತಂದ ಆಸಿಯೋ ಎಂಬ ಡ್ರೈವರ್ ವ್ಯವಸ್ಥೆಯನ್ನು ನಿಮ್ಮ ತಂತ್ರಾಂಶ ಬಳಸುತ್ತದೆಯೇ ಎಂದು ನೋಡಿ. ಪರವಾನಗಿಯ ಕಾರಣಕ್ಕೆ ಆಡಾಸಿಟಿಯ ಸಿದ್ಧ ಆವೃತ್ತಿಯಲ್ಲಿ ಅದು ದೀರ್ಘಕಾಲ ಇರಲಿಲ್ಲ. ಮ್ಯಾಕ್‌ನಲ್ಲಿ ಈ ಕೆಲಸವನ್ನು ಕೋರ್ ಆಡಿಯೋ ಮಾಡುತ್ತದೆ, ಬೇರೆ ಡ್ರೈವರ್ ಹುಡುಕುವ ಗೋಜು ಕಡಿಮೆ.

ತೆರೆಯದ ಫೈಲ್

ಒಳಗೆ ಹೋಗುವ ದಾರಿಯ ಮಾತಾಯಿತು. ಹೊರಗೆ ಬರುವ ದಾರಿಯ ಬಗ್ಗೆ ನಾನು ಇನ್ನೂ ತಡವಾಗಿ ಕಲಿತೆ.

ಹತ್ತು ವರ್ಷದ ಹಿಂದೆ, ಈ ಎಲ್ಲಕ್ಕಿಂತ ಮೊದಲು, ಅಕ್ಕನ ಇನ್ನೊಂದು ಹಾಡನ್ನು ಮಾಡಿದ್ದೆವು. ಆಗ ಬಳಸಿದ್ದು ಬೇರೊಂದು ತಂತ್ರಾಂಶ, ಅದರ ಹೆಸರು ಇಲ್ಲಿ ಮುಖ್ಯವಲ್ಲ. ಹಾಡು ಮುಗಿದು, ಎಂಪಿ3 ಮಾಡಿ ಎಲ್ಲರಿಗೂ ಕಳಿಸಿ, ಟ್ರ್ಯಾಕ್‌ಗಳ ಜೋಡಣೆಯನ್ನೆಲ್ಲ ಬರೆದಿಟ್ಟ ಪ್ರಾಜೆಕ್ಟ್ ಫೈಲನ್ನು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಇಟ್ಟು ಮರೆತಿದ್ದೆ. ಹೋದ ವರ್ಷ ಅದನ್ನು ಮತ್ತೆ ಮಿಕ್ಸ್ ಮಾಡುವ ಆಸೆಯಾಯಿತು. ಹಾಡು ಮಾಡಿದ ಕಾಲದಲ್ಲಿ ನನಗೆ ಪ್ರತಿಧ್ವನಿಯ ಹುಚ್ಚಿತ್ತು, ಕಂಠವನ್ನು ದೊಡ್ಡ ಸಭಾಂಗಣದಲ್ಲಿ ಮುಳುಗಿಸಿದ್ದೆ. ಈಗ ಅವಳನ್ನು ಅಲ್ಲಿಂದ ಹೊರಗೆ ತರಬೇಕೆನಿಸಿತ್ತು. ಹೊಸ ಕಂಪ್ಯೂಟರಿನಲ್ಲಿ ಆ ಹಳೆಯ ತಂತ್ರಾಂಶ ನಡೆಯಲಿಲ್ಲ. ಅದರ ಹೊಸ ಆವೃತ್ತಿ ಫೈಲನ್ನು ತೆರೆಯಿತು, ಆದರೆ ಪರದೆಯ ತುಂಬ "ಸಿಗಲಿಲ್ಲ" ಎಂಬ ಸಂದೇಶಗಳು. ಈ ಪ್ಲಗಿನ್ ಸಿಗಲಿಲ್ಲ, ಆ ವಾದ್ಯ ಸಿಗಲಿಲ್ಲ. ಹಿನ್ನೆಲೆಯ ತಂತಿವಾದ್ಯವನ್ನು ನಾನು ಕೀಬೋರ್ಡಿನಿಂದ ನುಡಿಸಿದ್ದೆ. ಸ್ವರಗಳು ಚುಕ್ಕಿಗಳಾಗಿ ಅಲ್ಲಿಯೇ ಇದ್ದವು, ಅವನ್ನು ನುಡಿಯಬೇಕಾದ ವಾದ್ಯ ಇರಲಿಲ್ಲ.

ಇದು ಒಬ್ಬರ ಅನುಭವವಲ್ಲ, ಈ ಕ್ಷೇತ್ರದ ಸ್ವಭಾವವೇ ಹೀಗೆ. ಲಾಜಿಕ್ ಒಂದು ಕಾಲಕ್ಕೆ ವಿಂಡೋಸ್‌ನಲ್ಲೂ ಇತ್ತು. 2002ರಲ್ಲಿ ಆಪಲ್ ಅದರ ಕಂಪನಿಯನ್ನು ಕೊಂಡ ಮೇಲೆ ಆ ಆವೃತ್ತಿ ನಿಂತಿತು. ದಶಕಗಳ ಹಳೆಯ ಕೇಕ್‌ವಾಕ್ ಸೋನಾರ್ ನಿಲ್ಲುತ್ತದೆ ಎಂದು ಅದರ ಒಡೆಯರಾದ ಗಿಬ್ಸನ್ 2017ರ ನವೆಂಬರಿನಲ್ಲಿ ಪ್ರಕಟಿಸಿದರು. 2018ರಲ್ಲಿ ಬ್ಯಾಂಡ್‌ಲ್ಯಾಬ್ ಅದನ್ನು ಕೊಂಡು ಉಚಿತವಾಗಿ ಬಿಡುಗಡೆ ಮಾಡಿದ್ದರಿಂದ ಬಳಕೆದಾರರಿಗೆ ಜೀವ ಬಂತು. ನಡುವಿನ ಆ ಮೂರು ತಿಂಗಳು ತಮ್ಮ ನೂರಾರು ಹಾಡುಗಳ ಫೈಲುಗಳನ್ನು ನೋಡುತ್ತ ಕುಳಿತವರ ಮನಸ್ಥಿತಿಯನ್ನು ನಾನು ಊಹಿಸಬಲ್ಲೆ. ತಂತ್ರಾಂಶ ಎಷ್ಟೇ ದೊಡ್ಡದಾಗಿರಲಿ, ಅದಕ್ಕಿಂತ ಹೆಚ್ಚು ಕಾಲ ಬಾಳಬೇಕಾದದ್ದು ಹಾಡು. 1983ರಲ್ಲಿ ಬಂದ ಮಿಡಿ ಇವತ್ತಿಗೂ ಕೆಲಸ ಮಾಡುತ್ತದೆ, 1991ರ ವೇವ್ ಎಂಬ ಧ್ವನಿ ಫೈಲನ್ನು ಇವತ್ತಿನ ಯಾವ ಕಂಪ್ಯೂಟರಿನಲ್ಲೂ ನುಡಿಸಬಹುದು. ಪ್ರಾಜೆಕ್ಟ್ ಫೈಲಿಗೆ ಆ ಭಾಗ್ಯವಿಲ್ಲ. ಅದು ಹೆಚ್ಚಾಗಿ ತನ್ನನ್ನು ಬರೆದ ತಂತ್ರಾಂಶದ ಮಾತನ್ನಷ್ಟೇ ಆಡುತ್ತದೆ.

ರೀಪರ್ ಕಡೆಗೆ ನಾನು ವಾಲಿದ್ದು ಇದೇ ಕಾರಣಕ್ಕೆ. ವಿನ್‌ಆಂಪ್ ಬರೆದ ಜಸ್ಟಿನ್ ಫ್ರಾಂಕೆಲ್ ಅವರೇ ಇದನ್ನೂ ಮಾಡಿದವರು. 60 ದಿನ ಪೂರ್ತಿಯಾಗಿ ಬಳಸಿ ನೋಡಲು ಬಿಡುತ್ತಾರೆ. ಆ ಅವಧಿಯಲ್ಲಿ ಯಾವ ಬಾಗಿಲನ್ನೂ ಮುಚ್ಚಿರುವುದಿಲ್ಲ. ಅದರ ಪ್ರಾಜೆಕ್ಟ್ ಫೈಲ್ ಬರಿಯ ಅಕ್ಷರಗಳ ಕಡತ. ಒಂದು ದಿನ ಕುತೂಹಲಕ್ಕೆ ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದೆ. ಟ್ರ್ಯಾಕ್‌ನ ಹೆಸರು, ಅದು ಎಷ್ಟನೆಯ ಸೆಕೆಂಡಿಗೆ ಶುರು, ಯಾವ ವೇವ್ ಫೈಲಿನಿಂದ, ಎಷ್ಟು ಜೋರು, ಎಲ್ಲವೂ ಓದುವಂತೆ ಸಾಲುಸಾಲಾಗಿ ಬರೆದಿತ್ತು. ನಾಳೆ ಆ ತಂತ್ರಾಂಶವೇ ಇಲ್ಲವಾದರೂ ಒಬ್ಬ ತಾಳ್ಮೆಯುಳ್ಳ ಮನುಷ್ಯ ಆ ಕಡತವನ್ನು ಓದಿ ಹಾಡನ್ನು ಬೇರೆಲ್ಲಿಯಾದರೂ ಮತ್ತೆ ಕಟ್ಟಬಹುದು. ಹೀಗೆ ಹೊರದಾರಿಯನ್ನು ತೆರೆದಿಡುವ ಇನ್ನೊಂದು ಆರ್ಡರ್. ಪಾಲ್ ಡೇವಿಸ್ ಆರಂಭಿಸಿದ, ಮೂಲ ಸಂಕೇತವನ್ನೇ ಬಯಲಿಗಿಟ್ಟ ತಂತ್ರಾಂಶ ಅದು. ಲಿನಕ್ಸ್ ಬಳಸುವ ಗೆಳೆಯರೊಬ್ಬರು ಅದರಲ್ಲಿಯೇ ಎಲ್ಲವನ್ನೂ ಮಾಡುತ್ತಾರೆ. ನನಗೆ ಅದನ್ನು ಬಳಸುವ ರೀತಿ ಒಗ್ಗಲಿಲ್ಲ, ಅಷ್ಟೇ. ಮ್ಯಾಕ್ ಇರುವವರು ಗ್ಯಾರೇಜ್‌ಬ್ಯಾಂಡ್‌ನಿಂದ ಆರಂಭಿಸುವುದರಲ್ಲಿ ಯಾವ ನಷ್ಟವೂ ಇಲ್ಲ. ಅದು ಬೇಗ ಒಳಗೆ ಬಿಡುತ್ತದೆ, ಆದರೆ ಹೊರಗೆ ಬರುವಾಗ ಒಂದೊಂದೇ ಟ್ರ್ಯಾಕನ್ನು ಕೈಯಾರೆ ತೆಗೆದುಕೊಳ್ಳುವ ಶ್ರಮವಿದೆ.

ಯಾವುದನ್ನು ಬಳಸಿದರೂ ಈಗ ಒಂದು ಹಾಡು ಮುಗಿದ ದಿನವೇ ಒಂದು ಫೋಲ್ಡರ್ ಮಾಡುತ್ತೇನೆ. ಪ್ರತಿ ಟ್ರ್ಯಾಕನ್ನೂ ಸೊನ್ನೆ ಸೆಕೆಂಡಿನಿಂದ ಹಾಡಿನ ಕೊನೆಯವರೆಗೆ, ಮೌನವನ್ನೂ ಸೇರಿಸಿ, ಒಂದೇ ಉದ್ದದ ವೇವ್ ಆಗಿ ತೆಗೆದಿಡುತ್ತೇನೆ. ಎಲ್ಲಿ ಹಾಕಿದರೂ ಅವು ತಾವಾಗಿಯೇ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಎಫೆಕ್ಟ್ ಇಲ್ಲದ್ದು ಒಂದು ಪ್ರತಿ, ಎಫೆಕ್ಟ್ ಸೇರಿದ್ದು ಇನ್ನೊಂದು. ಕೀಬೋರ್ಡಿನಿಂದ ನುಡಿಸಿದ್ದರೆ ಅದರ ಮಿಡಿ ಫೈಲ್. ಶ್ರುತಿ, ವೇಗ, ಬಳಸಿದ ಪ್ಲಗಿನ್‌ಗಳ ಹೆಸರು ಬರೆದ ಒಂದು ಪುಟ್ಟ ಕಡತ. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಒಂದು ಮೋನೋ ಟ್ರ್ಯಾಕ್ ನಿಮಿಷಕ್ಕೆ ಸುಮಾರು 8.6 ಎಂಬಿ. ನಾಲ್ಕು ನಿಮಿಷದ ಹಾಡಿಗೆ ಹತ್ತು ಟ್ರ್ಯಾಕ್ ಇದ್ದರೂ ಒಂದು ಪ್ರತಿ 350 ಎಂಬಿ ದಾಟುವುದಿಲ್ಲ. ಇದಕ್ಕೆ ಬೇಕಾಗುವುದು ಅರ್ಧ ಗಂಟೆ. ಆ ಅರ್ಧ ಗಂಟೆಯಷ್ಟು ಬೇಸರದ ಕೆಲಸ ಇಡೀ ಹಾಡಿನಲ್ಲಿ ಇನ್ನೊಂದಿಲ್ಲ. ಹಾಡು ಮುಗಿದ ಸಂತೋಷದಲ್ಲಿ ಯಾರಿಗೂ ಅದನ್ನು ಮಾಡಬೇಕೆನಿಸುವುದಿಲ್ಲ.

ಕತ್ತರಿಸಿದ ಉಸಿರು

ಆ ಹತ್ತು ವರ್ಷದ ಹಳೆಯ ಹಾಡಿನ ಮಾತು ಅರ್ಧಕ್ಕೆ ನಿಂತಿತು. ಪ್ರಾಜೆಕ್ಟ್ ಕೈಕೊಟ್ಟರೂ ಅದರ ಪಕ್ಕದ ಫೋಲ್ಡರಿನಲ್ಲಿ ವೇವ್ ಫೈಲುಗಳಿದ್ದವು. ಹೆಸರಿಲ್ಲ, ಬರಿಯ ಸಂಖ್ಯೆಗಳು. ಒಂದೊಂದನ್ನೇ ಆಡಾಸಿಟಿಯಲ್ಲಿ ತೆರೆದು ಕೇಳುತ್ತ ಹೋದೆ. ಬಹುಪಾಲು ನಾನು ತಿದ್ದಿ ಅದರ ಮೇಲೆಯೇ ಉಳಿಸಿದ ತುಣುಕುಗಳು. ಆಗ ನನಗೆ ಉಸಿರಿನ ಸದ್ದು ದೋಷ ಎಂದು ಅನಿಸುತ್ತಿತ್ತು. ಪ್ರತಿ ಸಾಲಿನ ಮೊದಲು ಅಕ್ಕ ಎಳೆದುಕೊಂಡ ಉಸಿರನ್ನು ಒಂದೊಂದಾಗಿ ಆಯ್ದು ಅಳಿಸಿ ಮೌನ ತುಂಬಿದ್ದೆ. ಎರಡು ಸಂಜೆಯ ಕೆಲಸ ಅದು, ಎಷ್ಟು ಶ್ರದ್ಧೆಯಿಂದ ಮಾಡಿದ್ದೆ ಎಂದು ನೆನಪಿದೆ. ಅಲೆ ಸೊನ್ನೆಯ ಗೆರೆಯನ್ನು ದಾಟುವ ಜಾಗದಲ್ಲೇ ಕತ್ತರಿಸಿದ್ದರಿಂದ ಎಲ್ಲಿಯೂ ಟಕ್ ಎಂಬ ಸದ್ದಿಲ್ಲ. ಕೈಕೆಲಸ ಅಚ್ಚುಕಟ್ಟಾಗಿದೆ. ಪ್ರತಿಧ್ವನಿ ಮುಚ್ಚಿದ್ದಾಗ ತಿಳಿದಿರಲಿಲ್ಲ. ಈಗ ಬರಿಯ ಕಂಠವನ್ನು ಕೇಳಿದರೆ ಸಾಲು ಶೂನ್ಯದಿಂದ ಎದ್ದು ಶೂನ್ಯಕ್ಕೆ ಬೀಳುತ್ತದೆ. ಹಾಡುತ್ತಿರುವವಳು ಉಸಿರಾಡುತ್ತಿಲ್ಲ.

ಮೂಲವನ್ನು ಮುಟ್ಟದೆ ತಿದ್ದುವ ತಂತ್ರಾಂಶ ಎಂದರೆ ಏನು ಎಂದು ನನಗೆ ಮನವರಿಕೆಯಾದದ್ದು ಆಗ. ಇಂದಿನ ಹೆಚ್ಚಿನವು ಹಾಗೆಯೇ ಇವೆ. ಕತ್ತರಿಸಿದರೂ ವೇವ್ ಫೈಲ್ ಪೂರ್ತಿಯಾಗಿಯೇ ಇರುತ್ತದೆ, ತುಣುಕಿನ ಅಂಚನ್ನು ಹಿಡಿದು ಎಳೆದರೆ ಕತ್ತರಿಸಿದ್ದು ಹಿಂದಿರುಗುತ್ತದೆ. ಟೇಪಿನ ಕಾಲದಲ್ಲಿ ಬ್ಲೇಡಿನಿಂದ ಓರೆಯಾಗಿ ಕುಯ್ದು ಅಂಟಿಸುತ್ತಿದ್ದವರಿಗೆ ಕುಯ್ಯುವ ಮೊದಲು ಹತ್ತು ಸಲ ಕೇಳುವ ಅಭ್ಯಾಸವಿತ್ತು. ನನಗೆ ಆ ಅಭ್ಯಾಸವೂ ಇರಲಿಲ್ಲ, ಮೂಲವನ್ನು ಕಾಯುವ ವ್ಯವಸ್ಥೆಯೂ ಇರಲಿಲ್ಲ. ಇಪ್ಪತ್ತಮೂರು ಫೈಲುಗಳ ನಂತರ ಒಂದು ಸಿಕ್ಕಿತು, ಎಲ್ಲಕ್ಕಿಂತ ಉದ್ದದ್ದು. ಯಾವ ಕಾರಣಕ್ಕೋ ಅದನ್ನು ನಾನು ಮುಟ್ಟಿರಲಿಲ್ಲ. ಮೊದಲು ಕುರ್ಚಿ ಕಿರುಗುಟ್ಟಿತು. ಕಾಗದ ತಿರುವಿದ ಸದ್ದು. ಆಮೇಲೆ ಒಂದು ಉದ್ದನೆಯ ಉಸಿರು, ಹತ್ತು ವರ್ಷ ಕಿರಿಯಳಾದ ಅಕ್ಕನದು, ಅದರ ಹಿಂದೆಯೇ ಪಲ್ಲವಿಯ ಮೊದಲ ಅಕ್ಷರ. ಆ ಶ್ರುತಿಯಲ್ಲಿ ಅವಳು ಈಗ ಹಾಡುವುದಿಲ್ಲ, ಒಂದೂವರೆ ಮನೆ ಕೆಳಗೆ ಇಳಿದಿದ್ದಾಳೆ. ಆ ಹಾಡಿನ ಹೊಸ ಮಿಕ್ಸ್ ಇನ್ನೂ ಮುಗಿದಿಲ್ಲ. ಒಂದೇ ಟೇಕ್ ಆದ್ದರಿಂದ ಎರಡು ಕಡೆ ಸಾಹಿತ್ಯ ತೊದಲಿದೆ. ಅದನ್ನು ಹಾಗೆಯೇ ಬಿಡುವುದೆಂದು ನಿರ್ಧರಿಸಿದ್ದೇನೆ.

ಸ್ವರ ನುಡಿಸಿ ಮುಗಿಸಿದ ಮೇಲೆ "ಈಗ ನುಡಿಸಿದ್ದನ್ನು ಹಿಡಿದುಕೋ" ಎಂದು ಹೇಳಬಹುದಾದ ಸೌಲಭ್ಯ ಏಬಲ್‌ಟನ್ ಲೈವ್‌ಗೆ 2018ರಲ್ಲಿ ಬಂತು, ಲಾಜಿಕ್‌ನಲ್ಲಿಯೂ ಇದೆ. ಆದರೆ ಮೊದಲು ಅದು ಬಂದದ್ದು ಮಿಡಿ ಸ್ವರಗಳಿಗೆ. ಮೈಕಿನ ಧ್ವನಿಗೂ ಗುಂಡಿ ಒತ್ತುವ ಮೊದಲಿನ ಕೆಲವು ಸೆಕೆಂಡುಗಳನ್ನು ಹಿಡಿದಿಟ್ಟುಕೊಳ್ಳುವ ಸೆಟ್ಟಿಂಗ್ ಕ್ಯೂಬೇಸ್‌ನಲ್ಲಿದೆ. ಇಂಥವು ಇರುವುದನ್ನು ನೋಡಿದರೆ ಹಸಿರು ದೀಪದ ಅನುಭವ ನನಗೊಬ್ಬನಿಗೆ ಆದದ್ದಲ್ಲ ಎಂದು ತಿಳಿಯುತ್ತದೆ. ನಾನು ಮಾಡಿಕೊಂಡ ವ್ಯವಸ್ಥೆ ಇನ್ನೂ ಸರಳ. ರೀಪರ್‌ನಲ್ಲಿ ಒಂದು ಖಾಲಿ ಹಾಡನ್ನು ಸಿದ್ಧವಾಗಿ ಉಳಿಸಿದ್ದೇನೆ. ಒಂದೇ ಟ್ರ್ಯಾಕ್, ಮೈಕಿಗೆ ಆಗಲೇ ಜೋಡಿಸಿದ್ದು, ಕ್ಲಿಕ್ ಇಲ್ಲ, ಗೆರೆಗಳಿಲ್ಲ. ಅತಿ ಜೋರಿನ ಸ್ವರವೂ ಮೀಟರಿನ ಮೇಲಿನ ಅಂಚಿಗೆ ಹತ್ತು ಹನ್ನೆರಡು ಡೆಸಿಬಲ್ ಕೆಳಗೇ ನಿಲ್ಲುವಂತೆ ಇಂಟರ್‌ಫೇಸಿನ ತಿರುಗುಗುಂಡಿಗೆ ಪೆನ್ಸಿಲಿನಿಂದ ಗುರುತು ಹಾಕಿದ್ದೇನೆ. 24 ಬಿಟ್‌ನಲ್ಲಿ ಅಷ್ಟು ಕೆಳಗೆ ದಾಖಲಿಸಿದರೂ ನಷ್ಟವೇನಿಲ್ಲ. ಕಂಪ್ಯೂಟರ್ ಎದ್ದ ಮೇಲೆ ಮೌಸನ್ನು ಎರಡು ಸಲ ಒತ್ತಿದರೆ ಅಷ್ಟೇ.

ಹೋದ ತಿಂಗಳು ಅಕ್ಕ ಬಂದಿದ್ದಳು. ಅವಳು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಕೆಂಪು ಗುಂಡಿ ಒತ್ತಿ, ಅವಳಿಗೂ ಹೇಳಿ, ಪರದೆಯನ್ನು ಗೋಡೆಯ ಕಡೆಗೆ ತಿರುಗಿಸಿದೆ. ಅವಳು ಕುಳಿತಳು, ನೀರು ಕುಡಿದಳು, ಯಾರದೋ ಆರೋಗ್ಯದ ಬಗ್ಗೆ ಮಾತಾಡಿದಳು, ಗಂಟಲು ಸರಿಮಾಡಿಕೊಂಡಳು, ಎರಡು ಸಲ ಬೇರೆಬೇರೆ ಶ್ರುತಿಯಲ್ಲಿ ಪಲ್ಲವಿ ಹಿಡಿದು ನೋಡಿದಳು. ನಾನು ಎದುರಿಗೆ ನೆಲದ ಮೇಲೆ ಕುಳಿತಿದ್ದೆ, ಕೈಯಲ್ಲಿ ಮೌಸ್ ಇರಲಿಲ್ಲ. ಬೆರಳುಗಳು ಮೊಣಕಾಲಿನ ಮೇಲೆ ಲೆಕ್ಕ ಇಡತೊಡಗಿದವು, ಕಣ್ಣು ಮುಚ್ಚಿದವು. ಇಡೀ ಹಾಡು ಮುಗಿದ ಮೇಲೆ ಕಣ್ಣು ತೆರೆದು "ಇನ್ನು ಶುರು ಮಾಡಲೇ?" ಎಂದು ಕೇಳಿದಳು. ಎದ್ದು ಹೋಗಿ ಪರದೆ ನೋಡಿದೆ. ಹದಿನಾರು ನಿಮಿಷ ನಲವತ್ತು ಸೆಕೆಂಡು ದಾಟಿ ಅಂಕಿಗಳು ಓಡುತ್ತಿದ್ದವು.